ನಲವತ್ತು ವರ್ಷದ ಒಳಚರಂಡಿ ಪೈಪು: ನೆಲ ಅಗೆಯದೆ ಬದಲಿಸಲು ಸಾಧ್ಯವೇ? (ಬಳ್ಳಾರಿ)

ಬೇವಿನ ನೆರಳು, ಬಳ್ಳಾರಿ | ಅಕ್ಟೋಬರ್ 6

ನಮ್ಮದು 1984ರಲ್ಲಿ ತಂದೆಯವರು ಕಟ್ಟಿಸಿದ ಮನೆ. ಮಾಳಿಗೆಯ ಮೇಲೆ ನಿಂತರೆ ಕೋಟೆಯ ಗುಡ್ಡ ಕಾಣುತ್ತದೆ. ಹಿತ್ತಲಿನ ಶೌಚಾಲಯದಿಂದ ರಸ್ತೆಯ ಮ್ಯಾನ್‌ಹೋಲ್‌ವರೆಗೆ 23 ಮೀಟರ್ ಉದ್ದಕ್ಕೆ ಮಣ್ಣಿನ ಪೈಪು ಇದೆ, ನಾಲ್ಕಂಗುಲದ ಸ್ಟೋನ್‌ವೇರ್. ಈ ವರ್ಷ ಅದು ಮೂರು ಸಲ ಕಟ್ಟಿಕೊಂಡಿತು. ಕಳೆದ ವಾರ ಮಳೆ ಸುರಿದ ರಾತ್ರಿ ಹಿತ್ತಲಿನ ಚೇಂಬರ್ ಉಕ್ಕಿ, ಕೊಳಚೆ ಅಡುಗೆಮನೆಯ ಹೊಸ್ತಿಲಿನವರೆಗೆ ಬಂದಿತು. ಎಪ್ಪತ್ತೆಂಟು ವರ್ಷದ ತಾಯಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕಸಬರಿಗೆಯಿಂದ ಅದನ್ನು ಹೊರಗೆ ತಳ್ಳುತ್ತಿದ್ದರು. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಗೌಂಡಿ ಬಂದು ನೋಡಿ, ಪೂರ್ತಿ ಅಗೆದು ಪಿವಿಸಿ ಹಾಕದೆ ಬೇರೆ ದಾರಿಯಿಲ್ಲ ಎಂದರು. ಆದರೆ ಪೈಪಿನ ಮೇಲೆ ಏನೇನಿದೆ ನೋಡಿ. ಮೊದಲ ಹತ್ತು ಮೀಟರ್ ಕಡಪ ಕಲ್ಲು ಹಾಸಿದ ಸಂದಿ. ಆಮೇಲೆ 1996ರಲ್ಲಿ ಸೇರಿಸಿದ ಕೋಣೆ, ಅದರ ಕೆಂಪು ಗಾರೆಯ ನೆಲ. ತಂದೆಯವರು ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿಯೇ. ಅದನ್ನು ದಾಟಿದರೆ ಬೇವಿನ ಮರದ ಅಂಗಳ, ಕಾಂಪೌಂಡ್ ಗೋಡೆ, ಕೊನೆಗೆ ಹೋದ ವರ್ಷವಷ್ಟೇ ಹಾಕಿದ ಕಾಂಕ್ರೀಟ್ ರಸ್ತೆ.

ನೆಲ ಅಗೆಯದೆ ಹಳೆಯ ಪೈಪಿನೊಳಗೇ ಹೊಸ ಪೈಪು ಕೂರಿಸುವ ವಿಧಾನಗಳಿವೆ ಎಂದು ಕೇಳಿದ್ದೇನೆ. ನಮ್ಮ ಕಡೆ ಯಾರಾದರೂ ಮಾಡಿಸಿದ್ದೀರಾ? ನಂಬಬಹುದೇ?

ಗಂಗಾವತಿ ಗೌಂಡಿ | ಅಕ್ಟೋಬರ್ 6

ಇಪ್ಪತ್ತೆರಡು ವರ್ಷದಿಂದ ಪೈಪು ಹಾಕುತ್ತಿದ್ದೇನೆ. ಅಗೆದರೆ ಕಣ್ಣಿಗೆ ಕಾಣುತ್ತದೆ, ವಾಟ (ಇಳಿಜಾರು) ನೋಡಿ ಕೂರಿಸಬಹುದು, ತಪ್ಪಿದರೆ ಅಲ್ಲೇ ಸರಿಪಡಿಸಬಹುದು. ನೆಲದೊಳಗೆ ಕಾಣದಂತೆ ಮಾಡುವ ಕೆಲಸಕ್ಕೆ ಹಣ ಕೊಡುವ ಮೊದಲು ಹತ್ತು ಸಲ ಯೋಚಿಸಿ. ಸ್ಟೋನ್‌ವೇರ್ ಪೈಪು ಅರವತ್ತು ಸೆಂಟಿಮೀಟರಿನ ತುಂಡುಗಳಲ್ಲಿ ಬರುತ್ತಿತ್ತು. ಹಾಗಾಗಿ ನಿಮ್ಮ 23 ಮೀಟರಿನಲ್ಲಿ ನಲವತ್ತಕ್ಕೆ ಹತ್ತಿರ ಜೋಡಣೆಗಳಿವೆ, ಎಲ್ಲವೂ ಸೆಣಬಿನ ಹುರಿ ಸುತ್ತಿ ಸಿಮೆಂಟ್ ಮೆತ್ತಿದವು. ಒಂದು ಕೆಟ್ಟಿದ್ದರೆ ಉಳಿದವೂ ಕೆಡುವ ದಾರಿಯಲ್ಲಿವೆ ಎಂದೇ ತಿಳಿಯಿರಿ.

ನಿವೃತ್ತ ಎಂಜಿನಿಯರ್, ಕೊಪ್ಪಳ | ಅಕ್ಟೋಬರ್ 7

ಗಂಗಾವತಿಯವರ ಮಾತಿನಲ್ಲಿ ತೂಕವಿದೆ. ಪೈಪಿನ ಮೇಲೆ ಬರೀ ಮಣ್ಣಿದ್ದು, ಆಳ ಮೂರು ಅಡಿಯೊಳಗಿದ್ದರೆ ನಾನೂ ಅಗೆಯಿರಿ ಎಂದೇ ಹೇಳುತ್ತೇನೆ. ಆದರೆ ಇವರ ಪೈಪಿನ ಮೇಲೆ ಕೋಣೆಯಿದೆ, ರಸ್ತೆಯಿದೆ. ಆದ್ದರಿಂದ ಎರಡು ವಿಧಾನಗಳ ಬಗ್ಗೆ ಬರೆಯುತ್ತೇನೆ.

ಮೊದಲನೆಯದು ಒಳಪದರ ಹಾಕುವುದು. ರಾಳದಲ್ಲಿ (ಕಲಸಿದ ಮೇಲೆ ಗಟ್ಟಿಯಾಗುವ ರೆಸಿನ್ ಅಂಟು) ನೆನೆಸಿದ ದಪ್ಪ ಬಟ್ಟೆಯ ಕೊಳವೆಯನ್ನು ಗಾಳಿಯ ಒತ್ತಡದಿಂದ ಹಳೆಯ ಪೈಪಿನೊಳಗೆ ಬಿಡುತ್ತಾರೆ. ಒಗೆದ ಅಂಗಿಯ ತೋಳನ್ನು ಒಳಗಿನಿಂದ ಹೊರಕ್ಕೆ ತಿರುಗಿಸುತ್ತೇವಲ್ಲ, ಆ ಕೊಳವೆಯೂ ಹಾಗೆಯೇ ಮಗುಚಿಕೊಳ್ಳುತ್ತಾ ಮುಂದೆ ಹೋಗುತ್ತದೆ. ರಾಳದಲ್ಲಿ ನೆನೆದ ಮೈ ಹಳೆಯ ಗೋಡೆಗೆ ಅಂಟುತ್ತದೆ. ಒಳಗೆ ಬಲೂನಿನಂತಹ ಚೀಲವನ್ನು ಉಬ್ಬಿಸಿ ಹಿಡಿದು, ರಾಳವನ್ನು ತಾನಾಗಿಯೇ ಅಥವಾ ಬಿಸಿನೀರು, ಹಬೆ, ಅತಿನೇರಳೆ ಬೆಳಕಿನಿಂದ ಗಟ್ಟಿಯಾಗಿಸುತ್ತಾರೆ. ಹಳೆಯ ಪೈಪಿನೊಳಗೆ ಜೋಡಣೆಯೇ ಇಲ್ಲದ ಹೊಸ ಪೈಪು ಸಿದ್ಧವಾಗುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಇದನ್ನು ಮೊದಲು ಮಾಡಿ ತೋರಿಸಿದರು. ಅಂದರೆ ನಿಮ್ಮ ಮನೆಗಿಂತ ಹಳೆಯ ವಿದ್ಯೆ ಇದು. ಒಳಗಿನ ಅಳತೆ ಕೆಲವು ಮಿಲಿಮೀಟರ್ ಕಡಿಮೆಯಾಗುತ್ತದೆ, ಆದರೆ ಮೈ ನುಣುಪಾಗುವುದರಿಂದ ಹರಿವು ತಗ್ಗುವುದಿಲ್ಲ.

ಎರಡನೆಯದು ಪೈಪು ಸೀಳುವುದು. ಎರಡೂ ತುದಿಯಲ್ಲಿ ಗುಂಡಿ ತೋಡಿ, ಶಂಕುವಿನಾಕಾರದ ಉಕ್ಕಿನ ತಲೆಯನ್ನು ಹೈಡ್ರಾಲಿಕ್ ಯಂತ್ರದಿಂದ ಎಳೆಯುತ್ತಾರೆ. ಅದು ಹಳೆಯ ಪೈಪನ್ನು ಒಡೆದು ಚೂರುಗಳನ್ನು ಸುತ್ತಲಿನ ಮಣ್ಣಿಗೆ ಒತ್ತುತ್ತದೆ, ಬಾಲದಂತೆ ಹಿಂದೆ ಹೊಸ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಪೈಪನ್ನು ಎಳೆದು ತರುತ್ತದೆ. ಪೈಪಿನ ಅಳತೆಯನ್ನು ಹೆಚ್ಚಿಸಿಕೊಳ್ಳಲೂ ಬರುತ್ತದೆ. ಆದರೆ ಚೂರುಗಳು ಸರಿಯಲು ಸುತ್ತಲಿನ ನೆಲ ಜಾಗ ಕೊಡಬೇಕು. ಬಳ್ಳಾರಿಯಲ್ಲಿ ಗುಡ್ಡದ ಬುಡದ ಕೆಲವು ಬೀದಿಗಳಲ್ಲಿ ಕಲ್ಲು ಕಡಿದು ಚರಂಡಿ ಮಾಡಿದ್ದಾರೆ. ಅಂತಹ ಕಡೆ ಇದು ನಡೆಯುವುದಿಲ್ಲ. ಕುಡಿಯುವ ನೀರಿನ ಪೈಪು ಪಕ್ಕದಲ್ಲೇ ಇದ್ದರೆ ಅದಕ್ಕೂ ಅಪಾಯ.

ಈಗ ಮುಖ್ಯ ಮಾತು. ಪೈಪು ನಡುವೆ ಕುಸಿದು ಹೊಟ್ಟೆ ಬಿಟ್ಟಿದ್ದರೆ ಈ ಎರಡರಲ್ಲಿ ಯಾವುದೂ ಅದನ್ನು ಎತ್ತುವುದಿಲ್ಲ. ಹೊಸ ಪೈಪು ಹಳೆಯದರ ದಾರಿಯಲ್ಲೇ ಹೋಗುತ್ತದೆ. ತಗ್ಗಿದ್ದ ಕಡೆ ತಗ್ಗೇ ಉಳಿಯುತ್ತದೆ, ಮಲ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಯಾರೊಂದಿಗೂ ದರ ಮಾತನಾಡುವ ಮೊದಲು ಪೈಪಿನೊಳಗೆ ಕ್ಯಾಮೆರಾ ಬಿಡಿಸಿ. ಬಾಯಿಂದ ಎಷ್ಟು ಮೀಟರಿನಲ್ಲಿ ಏನಿದೆ ಎಂದು ಬರೆಯಿಸಿಕೊಳ್ಳಿ. ವೀಡಿಯೊ ನಿಮ್ಮ ಕೈಗೆ ಬರಲಿ.

ರಾಯಚೂರು ಎರೆ | ಅಕ್ಟೋಬರ್ 7

ನಮ್ಮ ಮನೆಗೆ ಎರಡು ವರ್ಷದ ಹಿಂದೆ ಸೀಳುವ ವಿಧಾನದಲ್ಲಿ ಮಾಡಿಸಿದೆವು, 30 ಮೀಟರ್. ಪೈಪು ಇಂದಿಗೂ ಚೆನ್ನಾಗಿದೆ. ಆದರೆ ಒಂದು ತಪ್ಪು ನಡೆಯಿತು, ಅದನ್ನು ಹೇಳಲೇಬೇಕು.

ಎಚ್‌ಡಿಪಿಇ ಪೈಪನ್ನು ಬೆಸೆದು ಬೆಳಗಿನಿಂದ ರಸ್ತೆಯ ಮೇಲೆ ಬಿಸಿಲಿನಲ್ಲಿ ಮಲಗಿಸಿದ್ದರು. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲು. ಕಪ್ಪು ಪೈಪನ್ನು ಮುಟ್ಟಲಾಗುತ್ತಿರಲಿಲ್ಲ. ಮಧ್ಯಾಹ್ನ ಎಳೆದರು, ಸಂಜೆಯೊಳಗೆ ತುದಿ ಕತ್ತರಿಸಿ ಚೇಂಬರಿಗೆ ಗಾರೆ ಮೆತ್ತಿ ಹೊರಟರು. ಬೆಳಿಗ್ಗೆ ನೋಡಿದರೆ ಪೈಪಿನ ತುದಿ ಗಾರೆಯನ್ನು ಕಿತ್ತುಕೊಂಡು ಐದಾರು ಬೆರಳು ಒಳಗೆ ಸರಿದಿತ್ತು. ಚೇಂಬರಿನ ನೀರು ಮಣ್ಣಿಗೆ ಇಳಿಯುತ್ತಿತ್ತು. ಎರೆ ಮಣ್ಣಿಗೆ ನೀರು ಕುಡಿಸಿದರೆ ಏನಾಗುತ್ತದೆ ಎಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ: ಗೋಡೆ ಬಿರುಕು ಬಿಟ್ಟಿತು.

ನಿವೃತ್ತ ಎಂಜಿನಿಯರ್, ಕೊಪ್ಪಳ | ಅಕ್ಟೋಬರ್ 7

ಇದು ಲೆಕ್ಕಕ್ಕೆ ಸಿಗುವ ತಪ್ಪು. ಎಚ್‌ಡಿಪಿಇ ಪ್ರತಿ ಮೀಟರಿಗೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.2 ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟೇ ಕುಗ್ಗುತ್ತದೆ. 30 ಮೀಟರ್ ಪೈಪು ನೆಲದೊಳಗೆ 20 ಡಿಗ್ರಿ ತಣ್ಣಗಾದರೆ 12 ಸೆಂಟಿಮೀಟರ್ ಕುಗ್ಗಬೇಕು. ಎಳೆಯುವಾಗ ಹಿಗ್ಗಿದ್ದೂ ಹಿಂದಕ್ಕೆ ಬರುತ್ತದೆ. ಪೈಪನ್ನು ನೆರಳಿನಲ್ಲಿಡಬೇಕು. ಎಳೆದ ಮೇಲೆ ತುದಿಗಳನ್ನು ಉದ್ದ ಬಿಟ್ಟು ರಾತ್ರಿಯಿಡೀ ಕಾಯಬೇಕು. ಮರುದಿನವಷ್ಟೇ ಕತ್ತರಿಸಿ ಚೇಂಬರಿಗೆ ಸೇರಿಸಬೇಕು. ಈ ಮಾತನ್ನು ಕೆಲಸದ ಕರಾರಿನಲ್ಲೇ ಬರೆಯಿಸಿ.

ಹೊಸಪೇಟೆ ಓದುಗ | ಅಕ್ಟೋಬರ್ 8

ಬೇವಿನ ಮರ ಕಡಿಸಿ ಬಿಡಿ. ಬೇರು ಪೈಪಿಗೆ ಹೋಗಿರುತ್ತದೆ, ಮತ್ತೇನೂ ಅಲ್ಲ.

ಬೇವಿನ ನೆರಳು, ಬಳ್ಳಾರಿ | ಅಕ್ಟೋಬರ್ 8

ಆ ಮರ ತಂದೆಯವರು ನೆಟ್ಟದ್ದು. ಬೇಸಿಗೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಕುಳಿತುಕೊಳ್ಳಲು ಸಾಧ್ಯವಾಗುವುದೇ ಅದರಿಂದ. ಕಾರಣ ಖಚಿತವಾಗುವವರೆಗೆ ಅದರ ಕೊಂಬೆಯನ್ನೂ ಮುಟ್ಟುವುದಿಲ್ಲ.

ನಿವೃತ್ತ ಎಂಜಿನಿಯರ್, ಕೊಪ್ಪಳ | ಅಕ್ಟೋಬರ್ 8

ಮುಟ್ಟಬೇಡಿ. ಗಟ್ಟಿಯಾದ ಪೈಪನ್ನು ಬೇರು ಹುಡುಕಿಕೊಂಡು ಬರುವುದಿಲ್ಲ. ಎಲ್ಲಿ ತೇವ ಜಿನುಗುತ್ತದೆಯೋ ಅಲ್ಲಿಗೆ ಬರುತ್ತದೆ, ಕೂದಲಿನಷ್ಟು ಸಂದಿಯಲ್ಲಿ ನುಗ್ಗಿ ಒಳಗೆ ದಪ್ಪವಾಗುತ್ತದೆ. ಸೋರಿಕೆ ನಿಲ್ಲಿಸಿದರೆ ಬೇರಿಗೆ ಅಲ್ಲಿ ಕೆಲಸವಿಲ್ಲ.

ಬೇವಿನ ನೆರಳು, ಬಳ್ಳಾರಿ | ಅಕ್ಟೋಬರ್ 19

ಕ್ಯಾಮೆರಾ ಬಿಡಿಸಿದೆ. ತಂಡ ಹೊರಗಿನಿಂದ ಬರಬೇಕಿದ್ದುದರಿಂದ ಹತ್ತು ದಿನ ಕಾಯಬೇಕಾಯಿತು.

ಕಾಣಿಸಿದ್ದನ್ನು ಬರೆಯುತ್ತೇನೆ. ಹಿತ್ತಲಿನ ಚೇಂಬರಿನಿಂದ 6.4 ಮೀಟರಿನಲ್ಲಿ ಒಂದು ಜೋಡಣೆ ಅರ್ಧ ಬೆರಳು ಪಕ್ಕಕ್ಕೆ ಸರಿದಿದೆ. 9 ಮೀಟರಿನಿಂದ ಪೈಪಿನ ನೆತ್ತಿಯಲ್ಲಿ ಉದ್ದ ಬಿರುಕು. 11 ಮೀಟರಿಗೆ ಬಂದಾಗ ಕ್ಯಾಮೆರಾ ನಿಂತೇ ಬಿಟ್ಟಿತು. ಪರದೆಯ ಮೇಲೆ ಕುದುರೆಯ ಬಾಲದಂತೆ ಬೇರಿನ ಕುಚ್ಚು ಇಳಿಬಿದ್ದಿತ್ತು. ಅದು ಬರುತ್ತಿದ್ದದ್ದು ಜೋಡಣೆಯ ಸಂದಿಯಿಂದಲ್ಲ, ಪಕ್ಕದಿಂದ ಸೇರುವ ಇನ್ನೊಂದು ಪೈಪಿನ ಬಾಯಿಯಿಂದ. ಅಲ್ಲಿ ಒಂದು ಕವಲು ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ತಾಯಿಯನ್ನು ಕರೆದು ಮೊಬೈಲಿನಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ‘ಅದು ನಿಮ್ಮ ಅಜ್ಜಿಯ ಬಚ್ಚಲು’ ಎಂದರು. ಈಗ ಕೋಣೆಯಿರುವ ಜಾಗದಲ್ಲಿ ಮೊದಲು ಹೊರಗಿನ ಬಚ್ಚಲು ಇತ್ತಂತೆ. 1996ರಲ್ಲಿ ಅದನ್ನು ಕೆಡವಿದಾಗ ಪೈಪಿನ ಬಾಯಿಗೆ ಒಂದು ಹೆಂಚಿನ ಚೂರು ಇಟ್ಟು ಮೇಲೆ ಮಣ್ಣು ಎಳೆದಿದ್ದಾರೆ. ಅಷ್ಟು ವರ್ಷ ಆ ಬಾಯಿ ನೆಲದೊಳಗೆ ತೆರೆದೇ ಇತ್ತು. ಬೇವು ಬಂದದ್ದು ಅದೇ ಬಾಗಿಲಿನಿಂದ.

ಬೇರನ್ನು ಒತ್ತಡದ ನೀರಿನಿಂದ ಕತ್ತರಿಸಿ ಕ್ಯಾಮೆರಾ ಮುಂದೆ ಕಳುಹಿಸಿದರು. 14 ಮೀಟರಿನಿಂದ 16.5 ಮೀಟರಿನವರೆಗೆ ಕ್ಯಾಮೆರಾ ನೀರಿನಲ್ಲಿ ಮುಳುಗಿತು. ಅದು ಅಂಗಳದ ಭಾಗ. ಅಲ್ಲಿಂದ ಮುಂದೆ ಮ್ಯಾನ್‌ಹೋಲ್‌ವರೆಗೆ ಬಿರುಕುಗಳಿದ್ದರೂ ಪೈಪು ದುಂಡಗೇ ಇದೆ.

ನಿವೃತ್ತ ಎಂಜಿನಿಯರ್, ಕೊಪ್ಪಳ | ಅಕ್ಟೋಬರ್ 19

ಮುಳುಗಿದ ಎರಡೂವರೆ ಮೀಟರೇ ನಿಮ್ಮ ನಿಜವಾದ ರೋಗ. ಒಟ್ಟು ಇಳಿಜಾರು ಎಷ್ಟಿದೆ ಎಂದು ಅಳೆಯಿಸಿ. ಹಿತ್ತಲಿನ ಚೇಂಬರಿನ ತಳಕ್ಕೂ ರಸ್ತೆಯ ಮ್ಯಾನ್‌ಹೋಲ್‌ನಲ್ಲಿ ನಿಮ್ಮ ಪೈಪು ಬಂದು ಬೀಳುವ ಮಟ್ಟಕ್ಕೂ ವ್ಯತ್ಯಾಸ ಸಿಗಬೇಕು. ನಾಲ್ಕಂಗುಲದ ಪೈಪಿಗೆ 57 ಮೀಟರಿಗೆ 1 ಮೀಟರ್ ಇಳಿತ ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಲೆಕ್ಕ. 23 ಮೀಟರಿಗೆ 40 ಸೆಂಟಿಮೀಟರ್ ಬೇಕು.

ಬೇವಿನ ನೆರಳು, ಬಳ್ಳಾರಿ | ಅಕ್ಟೋಬರ್ 21

ಗೌಂಡಿ ನೀರು ತುಂಬಿದ ಪಾರದರ್ಶಕ ಕೊಳವೆ ಹಿಡಿದು, ಮ್ಯಾನ್‌ಹೋಲ್‌ಗೆ ಮೇಲಿನಿಂದಲೇ ಅಳತೆಕೋಲು ಇಳಿಸಿ ಅಳೆದುಕೊಟ್ಟರು: 44 ಸೆಂಟಿಮೀಟರ್.

ಒಂದು ಪ್ರಶ್ನೆ. ಹೋದ ಸಲ ಕಟ್ಟಿಕೊಂಡಾಗ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮ್ಯಾನ್‌ಹೋಲ್‌ಗೆ ಇಳಿದು ಬಿದಿರಿನ ದಬ್ಬೆ ತೂರಿಸಿದ್ದರು. ಒಳಪದರ ಹಾಕುವಾಗಲೂ ಆ ತುದಿಯಲ್ಲಿ ಯಾರಾದರೂ ಇಳಿಯಬೇಕಾಗುತ್ತದೆಯೇ?

ಕೌಲ್‌ಬಜಾರ್ ಶಿಕ್ಷಕಿ | ಅಕ್ಟೋಬರ್ 21

ದಯವಿಟ್ಟು ಯಾರನ್ನೂ ಇಳಿಸಬೇಡಿ. ಹಗ್ಗ ಕಟ್ಟಿದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಮ್ಯಾನ್‌ಹೋಲ್‌ನಲ್ಲಿ ನಿಲ್ಲುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆ ಇದ್ದಕ್ಕಿದ್ದಂತೆ ನಿಂತಿತೆಂದರೆ ಗಾಳಿ ಶುದ್ಧವಾಯಿತು ಎಂದರ್ಥವಲ್ಲ. ಒಬ್ಬರು ಕುಸಿದಾಗ ಎತ್ತಲು ಇಳಿದ ಇನ್ನೊಬ್ಬರೂ ಸಾಯುತ್ತಾರೆ.

ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸಿ ಸ್ವಚ್ಛಗೊಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ನಾನು ಹೇಳುತ್ತಿರುವುದು ದಂಡದ ಭಯಕ್ಕಲ್ಲ. ನನ್ನ ತರಗತಿಯಲ್ಲಿ ಅಂತಹ ಮನೆಯ ಮಕ್ಕಳು ಕೂರುತ್ತಾರೆ. ತಂದೆ ಸಂಜೆ ಮನೆಗೆ ಬರುತ್ತಾರೆ ಎಂದು ಅವರೂ ಕಾಯುತ್ತಾರೆ.

ಬೇವಿನ ನೆರಳು, ಬಳ್ಳಾರಿ | ಅಕ್ಟೋಬರ್ 21

ಹೋದ ಸಲ ಅವರು ಇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಎನ್ನಲಿಲ್ಲ. ಅದು ನನ್ನ ತಪ್ಪು. ಇನ್ನು ನಮ್ಮ ಮನೆಯ ಕೆಲಸಕ್ಕೆ ಯಾರೂ ಇಳಿಯುವುದಿಲ್ಲ.

ನಿವೃತ್ತ ಎಂಜಿನಿಯರ್, ಕೊಪ್ಪಳ | ಅಕ್ಟೋಬರ್ 22

ಇಳಿಯುವ ಅಗತ್ಯವೂ ಇಲ್ಲ. 44 ಸೆಂಟಿಮೀಟರ್ ಇದ್ದರೆ ವಾಟ ಧಾರಾಳವಾಗಿದೆ. ನಡುವಿನ ತುಂಡು ಮಾತ್ರ ಕುಳಿತಿದೆ. ಏಕೆ ಕುಳಿತಿತು ಎಂದರೆ, ಅಂಗಳದ ಮಣ್ಣು ಎರೆಯಾಗಿದ್ದರೆ ಸೋರಿದ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ವರ್ಷಕ್ಕೊಮ್ಮೆ ಪೈಪನ್ನು ಎತ್ತಿ ಇಳಿಸಿದರೆ ಜೋಡಣೆ ಇನ್ನಷ್ಟು ಬಾಯಿಬಿಡುತ್ತದೆ, ಸೋರಿಕೆ ಹೆಚ್ಚುತ್ತದೆ.

ಆ ಎರಡೂವರೆ ಮೀಟರನ್ನು ಮಾತ್ರ ಅಗೆಯಿರಿ. ಮೇಲೆ ಮಣ್ಣಷ್ಟೇ ಇರುವುದರಿಂದ ನಷ್ಟವಿಲ್ಲ. ಯಂತ್ರ ಬೇಡ, ಗುದ್ದಲಿ ಸಾಕು. ಮರದ ದಪ್ಪ ಬೇರುಗಳನ್ನು ಉಳಿಸಿಕೊಂಡು ಕೆಳಗಿನಿಂದ ತೋಡಬಹುದು. ಆ ಗುಂಡಿಯೇ ಒಳಪದರಕ್ಕೆ ಬಾಗಿಲಾಗುತ್ತದೆ. ಅಲ್ಲಿಂದ ಒಂದು ಪದರವನ್ನು ಹಿತ್ತಲಿನ ಚೇಂಬರಿನತ್ತ, ಇನ್ನೊಂದನ್ನು ಮ್ಯಾನ್‌ಹೋಲ್‌ನತ್ತ ಬಿಡಲಿ. ರಸ್ತೆಯ ಕಡೆಯದನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಮ್ಯಾನ್‌ಹೋಲ್‌ಗೆ ಎರಡು ಬೆರಳು ಹಿಂದೆಯೇ ನಿಲ್ಲುವಂತೆ ಬಿಡಬಹುದು, ಆ ತುದಿಯಲ್ಲಿ ಮನುಷ್ಯ ಬೇಕಿಲ್ಲ. ಅಜ್ಜಿಯ ಬಚ್ಚಲಿನ ಬಾಯಿಯನ್ನು ಪದರವೇ ಮುಚ್ಚುತ್ತದೆ. ಅದು ಬಳಕೆಯಲ್ಲಿದ್ದ ಕವಲಾಗಿದ್ದರೆ ಒಳಗಿನಿಂದ ಯಂತ್ರದಲ್ಲಿ ಕೊರೆದು ತೆರೆಯಬೇಕಾಗುತ್ತಿತ್ತು. ನಾಲ್ಕಂಗುಲದಲ್ಲಿ ಅದು ಸುಲಭವಲ್ಲ.

ನಡುವಿನ ತುಂಡಿಗೆ ಯುಪಿವಿಸಿ (ಗಟ್ಟಿ ಪಿವಿಸಿ) ಹಾಕುವಾಗ ಪೈಪಿನ ಮೇಲಿನ ಅಚ್ಚು ಓದಿ. ನೆಲದಡಿಯ ಒಳಚರಂಡಿಯದಕ್ಕೆ ಐಎಸ್ (ಭಾರತೀಯ ಮಾನಕ) 15328 ಎಂದಿರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಐಎಸ್ 13592, ಅದು ಕಟ್ಟಡದ ಒಳಗೂ ಹೊರಗೋಡೆಗೂ ಹಾಕುವ ಪೈಪು.

ಗಂಗಾವತಿ ಗೌಂಡಿ | ಅಕ್ಟೋಬರ್ 22

ಇದು ಒಪ್ಪುವಂತಹ ಮಾತು. ನಾನೊಂದು ಸೇರಿಸುತ್ತೇನೆ: ಅಗೆದ ಎರೆ ಮಣ್ಣನ್ನು ಮತ್ತೆ ಪೈಪಿನ ಸುತ್ತ ತುಂಬಬೇಡಿ. ತಳದಲ್ಲಿ ಅರ್ಧ ಅಡಿ ಹೆಚ್ಚು ತೆಗೆದು, ಗರಸು ಹಾಕಿ ದಿಮ್ಮಸು ಬಡಿದು, ಅದರ ಮೇಲೆ ಮರಳು ಹಾಸಿ ಪೈಪು ಕೂರಿಸಿ. ಸುತ್ತಲೂ ಮೇಲೂ ಒಂದು ಗೇಣು ಮರಳು. ಎರೆಯನ್ನು ಎಲ್ಲಕ್ಕಿಂತ ಮೇಲೆ ಎಳೆಯಿರಿ. ಹಳೆಯ ಪೈಪಿಗೂ ಹೊಸದಕ್ಕೂ ನಡುವೆ ರಬ್ಬರ್ ಜೋಡಣೆ ಬಳಸಿ. ಸಿಮೆಂಟ್ ಮೆತ್ತಿದರೆ ಎರಡನೇ ಬೇಸಿಗೆಗೆ ಬಿರಿಯುತ್ತದೆ.

ರಾಯಚೂರು ಎರೆ | ಅಕ್ಟೋಬರ್ 22

ಬೇಸಿಗೆಯವರೆಗೆ ತಳ್ಳಬೇಡಿ. ಬಿಸಿಲಿಗೆ ರಾಳವೂ ಬೇಗ ಗಟ್ಟಿಯಾಗುತ್ತದಂತೆ, ಹೌದೇ?

ನಿವೃತ್ತ ಎಂಜಿನಿಯರ್, ಕೊಪ್ಪಳ | ಅಕ್ಟೋಬರ್ 22

ಹೌದು. ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಇಟ್ಟುಕೊಳ್ಳಿ. ತಂಪು ನಾಡಿನ ಲೆಕ್ಕ ಹಿಡಿದು ಬಂದವರು ಬಳ್ಳಾರಿಯ ನಲವತ್ತು ಡಿಗ್ರಿಯಲ್ಲಿ ರಾಳ ಕಲಸಿದರೆ ಪದರ ಅರ್ಧ ದಾರಿಯಲ್ಲೇ ಕಲ್ಲಾಗುತ್ತದೆ. ಆಮೇಲೆ ಅದನ್ನು ತೆಗೆಯಲು ನೆಲವನ್ನೇ ಅಗೆಯಬೇಕು. ಡಿಸೆಂಬರಿನಲ್ಲಿ ಮಾಡಿಸಿ, ಬೆಳಗಿನ ಜಾವ ಶುರು ಮಾಡಿಸಿ, ರಾಳದ ಡಬ್ಬಿಗಳನ್ನು ಮಂಜುಗಡ್ಡೆಯಲ್ಲಿಡಿಸಿ.

ಕೌಲ್‌ಬಜಾರ್ ಶಿಕ್ಷಕಿ | ಅಕ್ಟೋಬರ್ 23

ಖರ್ಚು?

ಬೇವಿನ ನೆರಳು, ಬಳ್ಳಾರಿ | ಅಕ್ಟೋಬರ್ 23

ಪೂರ್ತಿ ಅಗೆದು ಹಾಕಲು ಗೌಂಡಿ ಹೇಳಿದ್ದಕ್ಕೆ ಒಳಪದರದವರು ಹೇಳಿದ್ದು ಎರಡು ಪಟ್ಟಿಗಿಂತ ಹೆಚ್ಚು. ಕೋಣೆಯ ನೆಲ, ಕಡಪ ಕಲ್ಲು, ಗೋಡೆ, ರಸ್ತೆ ಕತ್ತರಿಸಲು ಪಾಲಿಕೆಗೆ ಕಟ್ಟುವ ಹಣ ಎಲ್ಲ ಸೇರಿಸಿದಾಗ ಅಂತರ ಬಹಳ ಕಿರಿದಾಯಿತು. ಅವರ ದರದಲ್ಲಿ ದೊಡ್ಡ ಪಾಲು ಯಂತ್ರವನ್ನು ಇಲ್ಲಿಗೆ ತಂದು ಒಯ್ಯುವ ಖರ್ಚು. ನಮ್ಮ ಸಾಲಿನ ಇನ್ನೂ ಎರಡು ಮನೆಗಳಲ್ಲಿ ಇದೇ ಕಾಲದ ಮಣ್ಣಿನ ಪೈಪುಗಳಿವೆ. ಅವರನ್ನು ಕೇಳಿದೆ, ಒಬ್ಬರು ಒಪ್ಪಿದರು. ಸಾಗಣೆಯ ಖರ್ಚು ಇಬ್ಬರಲ್ಲಿ ಹಂಚಿಹೋಯಿತು.

ಬೇವಿನ ನೆರಳು, ಬಳ್ಳಾರಿ | ಡಿಸೆಂಬರ್ 15

ಕೆಲಸ ಮುಗಿಯಿತು. ಗುಂಡಿಗೆ ಎರಡು ದಿನ, ಒಳಪದರಕ್ಕೆ ಒಂದು ದಿನ, ನಡುವಿನ ಪೈಪಿಗೆ ಅರ್ಧ ದಿನ.

ಬೆಳಗಿನ ಐದೂವರೆಗೆ ಕತ್ತಲೆಯಲ್ಲೇ ರಾಳ ಕಲಸಿದರು. ಬಿಳಿ ಬಟ್ಟೆಯ ಕೊಳವೆಯನ್ನು ಮೇಜಿನ ಮೇಲೆ ಹಾಸಿ, ರಾಳ ಸುರಿದು, ಎರಡು ಉರುಳೆಗಳ ನಡುವೆ ಚಪಾತಿ ಲಟ್ಟಿಸುವಂತೆ ಎಳೆದರು. ಬಟ್ಟೆಯಲ್ಲಿ ಎಲ್ಲಿಯೂ ಬಿಳಿ ಚುಕ್ಕೆ ಉಳಿಯಬಾರದು ಎಂದು ಹಿರಿಯ ಕೆಲಸಗಾರರು ಟಾರ್ಚ್ ಹಿಡಿದು ಉದ್ದಕ್ಕೂ ನೋಡಿದರು. ಎರಡು ಕಡೆ ಚುಕ್ಕೆ ಸಿಕ್ಕಿತು, ಮತ್ತೆ ಉರುಳಿಸಿದರು. ಅದನ್ನು ನೋಡಿದಾಗ ನನಗೆ ಧೈರ್ಯ ಬಂದಿತು. ಹಿತ್ತಲಿನ ಕಡೆಯ ಪದರ ಒಳಗೆ ಹೋಗಲು ಐದಾರು ನಿಮಿಷ ಸಾಕಾಯಿತು. ಗಟ್ಟಿಯಾಗಲು ಮಧ್ಯಾಹ್ನದವರೆಗೆ ಕಾದೆವು. ಅಷ್ಟು ಹೊತ್ತು ಎದುರು ಮನೆಯವರು ತಮ್ಮ ಶೌಚಾಲಯ ಬಳಸಲು ಬಿಟ್ಟರು.

ರಸ್ತೆಯ ಕಡೆಯದು ಒಂದೂವರೆ ಬೆರಳು ಹಿಂದೆ ನಿಂತಿತು. ಮ್ಯಾನ್‌ಹೋಲ್‌ಗೆ ಇಳಿದದ್ದು ಕ್ಯಾಮೆರಾ ಮಾತ್ರ.

ಮರುದಿನ ಕೆಳತುದಿಗೆ ಉಬ್ಬುವ ಬಿರಡೆ ಹಾಕಿ ಪೈಪಿಗೆ ನೀರು ತುಂಬಿಸಿದೆವು. ಹಿತ್ತಲಿನ ಚೇಂಬರಿನ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅರ್ಧ ಗಂಟೆ ಕುಳಿತೆ. ನೀರು ಗೆರೆಯನ್ನು ಬಿಟ್ಟು ಇಳಿಯಲಿಲ್ಲ. ಆಮೇಲಷ್ಟೇ ಕೊನೆಯ ಕಂತಿನ ಹಣ ಕೊಟ್ಟೆ.

ಹೊಸಪೇಟೆ ಓದುಗ | ಡಿಸೆಂಬರ್ 15

ಮರ ಕಡಿಯಿರಿ ಎಂದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪದರ ಎಷ್ಟು ವರ್ಷ ಬಾಳುತ್ತದೆ?

ನಿವೃತ್ತ ಎಂಜಿನಿಯರ್, ಕೊಪ್ಪಳ | ಡಿಸೆಂಬರ್ 16

ಸಾಮಾನ್ಯವಾಗಿ 50 ವರ್ಷಕ್ಕೆ ಎಂದು ವಿನ್ಯಾಸ ಮಾಡುತ್ತಾರೆ. ಕಟ್ಟಿಕೊಂಡಿತೆಂದು ಕಬ್ಬಿಣದ ಸರಳು ತೂರಿಸಿದರೆ ಅಷ್ಟು ಬಾಳುವುದಿಲ್ಲ.

ರಾಯಚೂರು ಎರೆ | ಜೂನ್ 28

ಬೇವಿನ ನೆರಳು ಅವರೇ, ಮಳೆ ಬಂದಿತೇ? ಅಂಗಳ ಹೇಗಿದೆ?

ಬೇವಿನ ನೆರಳು, ಬಳ್ಳಾರಿ | ಜೂನ್ 29

ಈ ತಿಂಗಳು ಎರಡು ಸಲ ಜೋರಾಗಿ ಸುರಿಯಿತು. ಎರಡೂ ಸಲ ರಾತ್ರಿಯೇ ಎದ್ದು ಹಿತ್ತಲಿನ ಚೇಂಬರಿನ ಮುಚ್ಚಳ ತೆಗೆದು ನೋಡಿದೆ. ನೀರು ನಿಲ್ಲದೆ ಹೋಗುತ್ತಿತ್ತು. ಗುಂಡಿ ತೋಡಿದ ಕಡೆ ಮೇಲಿನ ಮಣ್ಣು ನಾಲ್ಕು ಬೆರಳು ಕುಳಿತಿತ್ತು, ಗರಸು ಎಳೆದು ಸಮ ಮಾಡಿಸಿದ್ದೇನೆ. ಬೇವು ಚಿಗುರಿದೆ.

ಅಜ್ಜಿಯ ಬಚ್ಚಲಿನ ವಿಷಯ ತಾಯಿಗಲ್ಲದೆ ಬೇರೆ ಯಾರಿಗೂ ತಿಳಿದಿರಲಿಲ್ಲ ಎಂಬುದು ನನ್ನನ್ನು ಬಿಡದೆ ಕಾಡುತ್ತಿತ್ತು. ಅದಕ್ಕೇ ಕಾಂಪೌಂಡ್ ಗೋಡೆಯ ಒಳಮೈಗೆ ಎಣ್ಣೆ ಬಣ್ಣದಲ್ಲಿ ಬರೆಯಿಸಿದ್ದೇನೆ: ಹಿತ್ತಲಿನ ಚೇಂಬರಿನಿಂದ 11 ಮೀಟರಿನಲ್ಲಿ ಹಳೆಯ ಕವಲು, ಮುಚ್ಚಿದೆ. 14ರಿಂದ 16.5 ಮೀಟರ್ ಹೊಸ ಪೈಪು, ಆಳ 90 ಸೆಂಟಿಮೀಟರ್. ಕೆಳಗೆ ತಿಂಗಳು, ವರ್ಷ. ಬಣ್ಣ ಒಣಗುವವರೆಗೆ ತಾಯಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು.